ಪೆಟ್ಟುಬಿದ್ದ ಆಟಗಾರ ಮೈದಾನಕ್ಕೆ ಮರಳುವುದು ಯಾವಾಗ?

(ನಮ್ಮ ಉಚಿತ ವಾಚನಾಲಯದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಸಂಘದ ವಾರ್ಷಿಕ ಕ್ರೀಡೋತ್ಸವ ಹತ್ತಿರ ಬಂದಿದೆ. ಭಾನುವಾರ ಬಂತೆಂದರೆ ನಮ್ಮ ತರುಣರು ಬೆಳಗಾಗುವ ಮುನ್ನವೇ ಮೈದಾನ ಸೇರುತ್ತಾರೆ. ಆರು ದಿನ ಗೋಡೌನಿನಲ್ಲಿ ಮೂಟೆ ಹೊತ್ತವರು, ಕಚೇರಿಯಲ್ಲಿ ಕುಳಿತು ಬೆನ್ನು ಬಗ್ಗಿಸಿದವರು, ಹೋಟೆಲಿನ ಒಲೆಯ ಮುಂದೆ ಬೆಂದವರು, ಏಳನೆಯ ದಿನ ಕಬಡ್ಡಿ, ಕ್ರಿಕೆಟ್ಟು, ಓಟ ಎಂದು ಉತ್ಸಾಹದಿಂದ ಇಳಿಯುವುದನ್ನು ಕಂಡರೆ ಯಾರಿಗಾದರೂ ಸಂತೋಷವೇ. ಆದರೆ ಇದೇ ದಿನಗಳಲ್ಲಿ ವಾಚನಾಲಯದ ಮೆಟ್ಟಿಲನ್ನು ಕುಂಟುತ್ತ ಹತ್ತುವವರೂ ಹೆಚ್ಚುತ್ತಾರೆ. ‘ಏನಪ್ಪಾ ಆಯಿತು?’ ಎಂದರೆ ‘ತೊಡೆ ಹಿಡಿದಿದೆ ಸಾರ್’ ಎಂಬ ಉತ್ತರ. ಅದರ ಬೆನ್ನಿಗೇ ಅವರದೊಂದು ಪ್ರಶ್ನೆ: ‘ಬರುವ ಭಾನುವಾರ ಆಡಬಹುದೆ?’

ಆ ಪ್ರಶ್ನೆಯೇ ಇಂದಿನ ವಿಷಯ. ಕೇಳುವುದಕ್ಕೆ ಚಿಕ್ಕದು, ಆದರೆ ದೊಡ್ಡ ದೊಡ್ಡ ಕ್ರೀಡಾವೈದ್ಯರು ತಲೆ ಕೆಡಿಸಿಕೊಂಡಿರುವ ಪ್ರಶ್ನೆ. ನಾವು ವೈದ್ಯರ ಪೀಠದಲ್ಲಿ ಕುಳಿತು ಮಾತನಾಡುವುದಿಲ್ಲ. ಬಲ್ಲವರು ಪರೀಕ್ಷಿಸಿ ಬರೆದಿಟ್ಟುದನ್ನು ಓದಿ, ನಮ್ಮ ಜನದ ಬದುಕಿಗೆ ಅದು ಹೇಗೆ ಹೊಂದೀತು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುವುದಷ್ಟೇ ನಮ್ಮ ಕೆಲಸ.

ಮೊದಲು, ಪೆಟ್ಟು ಬೀಳುವುದು ಎಲ್ಲಿ ಎಂಬುದನ್ನು ತಿಳಿಯೋಣ. ನಮ್ಮಲ್ಲಿ ‘ನರ ಹಿಡಿಯಿತು’, ‘ನರ ಎಳೆಯಿತು’ ಎನ್ನುವುದು ವಾಡಿಕೆ. ಬಹುಪಾಲು ಅದು ನರವಲ್ಲ, ಮಾಂಸಖಂಡ. ತೊಡೆಯ ಹಿಂಭಾಗದಲ್ಲಿ ಮೂರು ಉದ್ದನೆಯ ಖಂಡಗಳಿವೆ. ಇವು ಮೇಲೆ ಕುಳಿತುಕೊಳ್ಳುವ ಮೂಳೆಯಿಂದ ಹೊರಟು ಮೊಣಕಾಲನ್ನು ದಾಟಿ ಕೆಳಗೆ ಅಂಟಿಕೊಂಡಿರುತ್ತವೆ. ನಾವು ವೇಗವಾಗಿ ಓಡುವಾಗ, ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ಸ್ವಲ್ಪ ಮುಂಚೆ, ಈ ಖಂಡಗಳು ಉದ್ದಕ್ಕೆ ಹಿಗ್ಗುತ್ತಿರುವಾಗಲೇ ಕಾಲನ್ನು ತಡೆದು ಹಿಡಿಯಬೇಕಾಗುತ್ತದೆ. ಹಗ್ಗ ಸಡಿಲ ಬಿಡುತ್ತಲೇ ಬಿಗಿ ಹಿಡಿದಂತೆ. ಆ ಕ್ಷಣದ ಭಾರವನ್ನು ತಾಳಲಾರದೆ ಕೆಲವು ಎಳೆಗಳು ಹರಿಯುತ್ತವೆ. ಹೆಚ್ಚಾಗಿ ಹರಿಯುವುದು ಮಾಂಸ ಮತ್ತು ಅದರ ಸ್ನಾಯುರಜ್ಜು ಕೂಡುವ ಎಡೆಯಲ್ಲಿ. ತೊಡೆಯ ಮುಂಭಾಗ, ತೊಡೆಸಂದಿ, ಮೀನಖಂಡ, ಇವುಗಳಲ್ಲಿಯೂ ಹೀಗಾಗುವುದುಂಟು.

ಯೂರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯೂಫಾ 2001ರಿಂದ ಅಲ್ಲಿನ ದೊಡ್ಡ ತಂಡಗಳ ಗಾಯಗಳ ಲೆಕ್ಕವನ್ನು ಇಡಿಸುತ್ತ ಬಂದಿದೆ. 2011ರಲ್ಲಿ ಪ್ರಕಟವಾದ ಅದರ ವರದಿಯಂತೆ, ಒಟ್ಟು ಗಾಯಗಳಲ್ಲಿ ಶೇಕಡಾ 31 ಮಾಂಸಖಂಡಗಳದ್ದು. 25 ಆಟಗಾರರ ಒಂದು ತಂಡಕ್ಕೆ ಒಂದು ಋತುವಿನಲ್ಲಿ ಸುಮಾರು 15 ಇಂತಹ ಗಾಯಗಳು. ಈ ಮಾಂಸಖಂಡದ ಗಾಯಗಳಲ್ಲಿ ಶೇಕಡಾ 37 ತೊಡೆಯ ಹಿಂಭಾಗದವೇ. ವೈದ್ಯರು, ಯಂತ್ರಗಳು, ಹಣ ಎಲ್ಲವೂ ಇರುವ ತಂಡಗಳ ಕಥೆ ಇದು. ಅಷ್ಟಿದ್ದರೂ 2001–02ರಲ್ಲಿ ಎಲ್ಲ ಗಾಯಗಳ ಪೈಕಿ ಶೇಕಡಾ 12 ಆಗಿದ್ದ ಹಿಂದೊಡೆಯ ಗಾಯ 2021–22ರ ವೇಳೆಗೆ ಶೇಕಡಾ 24ಕ್ಕೆ ಏರಿತೆಂದು ಅದೇ ಅಧ್ಯಯನ ಮುಂದೆ ಹೇಳಿತು. ಆಟದ ವೇಗ ಹೆಚ್ಚಿದೆ, ಪಂದ್ಯಗಳು ಹೆಚ್ಚಿವೆ. ಕಾಲು ಮಾತ್ರ ಹಿಂದಿನ ಕಾಲೇ.

ಈ ಅಂಕಿಗಳಲ್ಲಿ ನಮಗೆ ಮುಖ್ಯವಾದುದು ಇನ್ನೊಂದಿದೆ. ಹಿಂದೊಡೆಯ ಗಾಯಗಳಲ್ಲಿ ಶೇಕಡಾ 18 ಹೊಸವಲ್ಲ, ಹಳೆಯ ಗಾಯವೇ ಮತ್ತೆ ಹರಿದುದು. ಹಾಗೆ ಮರಳಿದವುಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು, ಆಟಗಾರನು ಆಟಕ್ಕೆ ಹಿಂತಿರುಗಿದ ಎರಡು ತಿಂಗಳೊಳಗೇ ಆದವು. ಎರಡನೆಯ ಸಲದ ಗಾಯ ಮೊದಲಿನದಕ್ಕಿಂತ ಹೆಚ್ಚು ದಿನ ಕೂರಿಸುತ್ತದೆ ಎಂಬುದೂ ಕಂಡುಬಂದಿದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ವಾರಗಟ್ಟಲೆ ದೇಹ ಕೂಡಿಸಿ ಕಟ್ಟಿದುದನ್ನು ಒಂದು ಆತುರದ ಓಟ ಒಡೆದು ಹಾಕುತ್ತದೆ.

ಹಾಗಾದರೆ ಎಷ್ಟು ದಿನ ಕಾಯಬೇಕು? ಸಾಮಾನ್ಯವಾಗಿ ಎಲ್ಲರೂ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾರೆ. ಪಂದ್ಯದ ದಿನಾಂಕವನ್ನು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ‘ಅಷ್ಟರಲ್ಲಿ ಸರಿಹೋದೀತು’ ಎನ್ನುತ್ತಾರೆ. ದಿನಾಂಕವನ್ನು ಗೊತ್ತುಮಾಡುವುದು ಸ್ಪರ್ಧೆ ನಡೆಸುವವರು. ಗಾಯಕ್ಕೆ ಅದರ ಸುದ್ದಿಯೇ ಇರುವುದಿಲ್ಲ.

ಇದಕ್ಕೊಂದು ಪ್ರಸಿದ್ಧ ದೃಷ್ಟಾಂತವಿದೆ. ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ತಂಡದ ಮುಂಚೂಣಿಯ ಆಟಗಾರ ಡಿಯಾಗೊ ಕೋಸ್ಟಾ 2014ರ ಮೇ 17ರಂದು ಬಾರ್ಸಿಲೋನಾ ವಿರುದ್ಧದ ಪಂದ್ಯದಲ್ಲಿ ಹಿಂದೊಡೆಯ ಪೆಟ್ಟಿನಿಂದ ಹೊರಗೆ ಹೋದರು. ಸರಿಯಾಗಿ ಏಳು ದಿನಗಳಿಗೆ, ಮೇ 24ರಂದು, ಲಿಸ್ಬನ್ನಿನಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯ. ನಡುವೆ ಅವರು ಬೆಲ್‌ಗ್ರೇಡಿಗೆ ಹೋಗಿ ಕುದುರೆಯ ಮಾಸಿನ ಚಿಕಿತ್ಸೆ ಮಾಡಿಸಿಕೊಂಡರೆಂದು ಪತ್ರಿಕೆಗಳು ಬರೆದವು. ಅಂತಿಮ ಪಂದ್ಯದಲ್ಲಿ ಅವರನ್ನು ಇಳಿಸಿಯೂ ಇಳಿಸಿದರು. ಒಂಬತ್ತನೆಯ ನಿಮಿಷಕ್ಕೆ ಅವರು ಮೈದಾನ ಬಿಟ್ಟು ನಡೆದರು. ಆಗ ಒಂದು ತಂಡಕ್ಕೆ ಮೂರೇ ಬದಲಿ ಆಟಗಾರರ ಅವಕಾಶ. ಅದರಲ್ಲಿ ಒಂದು ಅಲ್ಲಿಗೇ ತೀರಿತು. ತೊಂಬತ್ತು ನಿಮಿಷ ಕಳೆದ ಮೇಲೆ, ತೊಂಬತ್ತಮೂರನೆಯ ನಿಮಿಷದಲ್ಲಿ, ರಿಯಲ್ ಮ್ಯಾಡ್ರಿಡ್ ಸಮ ಮಾಡಿತು. ಹೆಚ್ಚುವರಿ ವೇಳೆಯಲ್ಲಿ ದಣಿದ ಅಟ್ಲೆಟಿಕೊ 4–1ರಿಂದ ಸೋತಿತು. ಕೋಸ್ಟಾ ಇಳಿಯದಿದ್ದರೆ ಗೆಲ್ಲುತ್ತಿದ್ದರೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಏಳು ದಿನದಲ್ಲಿ ಕೂಡದ ಗಾಯ, ಪಂದ್ಯ ದೊಡ್ಡದೆಂಬ ಕಾರಣಕ್ಕೆ ಕೂಡಲಿಲ್ಲ ಎಂಬುದು ಮಾತ್ರ ಸ್ಪಷ್ಟ.

ದಿನಾಂಕ ಬೇಡವಾದರೆ ಯಂತ್ರವನ್ನು ಕೇಳೋಣವೆ? ಎಂ.ಆರ್.ಐ. ಎಂಬ ಚಿತ್ರ ತೆಗೆಸಿದರೆ ಒಳಗಿನದೆಲ್ಲ ತಿಳಿಯುವುದೆಂದು ಅನೇಕರ ನಂಬಿಕೆ. ಆರಂಭದಲ್ಲಿ ಅದು ಉಪಯುಕ್ತ, ಸಂದೇಹವಿಲ್ಲ. ಬ್ರಿಟನ್ನಿನ ಓಟಗಾರರ ವೈದ್ಯರು 2014ರಲ್ಲಿ ಮಾಡಿದ ವಿಂಗಡಣೆಯಲ್ಲಿ, ಹರಿದುದು ಮಾಂಸದ ಹೊದಿಕೆಯ ಬಳಿಯೋ, ಸ್ನಾಯುರಜ್ಜು ಕೂಡುವೆಡೆಯೋ, ರಜ್ಜುವಿನ ಒಳಗೋ ಎಂಬುದನ್ನು ಚಿತ್ರದಿಂದ ಗುರುತಿಸುತ್ತಾರೆ. ರಜ್ಜುವಿನ ಒಳಗೇ ಹರಿದಿದ್ದರೆ ವಾಸಿಯಾಗಲು ಹೆಚ್ಚು ಕಾಲ ಬೇಕು, ಮತ್ತೆ ಹರಿಯುವ ಭಯವೂ ಹೆಚ್ಚು. ಆದರೆ ‘ಈಗ ಆಡಬಹುದೆ?’ ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಲ್ಲ ಪರೀಕ್ಷೆಗಳಲ್ಲಿಯೂ ಗುಣವಾದವರೆಂದು ತೀರ್ಮಾನವಾಗಿದ್ದ 53 ಕ್ರೀಡಾಪಟುಗಳ ಚಿತ್ರ ತೆಗೆದು ನೋಡಿದರು. ಅವರಲ್ಲಿ ಶೇಕಡಾ 89 ಮಂದಿಯ ಚಿತ್ರದಲ್ಲಿ ಗಾಯದ ಗುರುತು ಇನ್ನೂ ಇತ್ತು. ಚಿತ್ರ ಸ್ವಚ್ಛವಾಗಲೆಂದು ಕಾದಿದ್ದರೆ ಅವರು ಸುಮ್ಮನೆ ಕೂರಬೇಕಾಗುತ್ತಿತ್ತು. ಆದುದರಿಂದ, ಸಾಲ ಮಾಡಿ ಎರಡನೆಯ ಸಲ ಎಂ.ಆರ್.ಐ. ತೆಗೆಸಲಾಗಲಿಲ್ಲವೆಂದು ನಮ್ಮವರು ಯಾರೂ ಕೊರಗಬೇಕಾಗಿಲ್ಲ.

ಇನ್ನು ನೋವು ಹೋಯಿತಲ್ಲ ಎಂಬ ಸಮಾಧಾನ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ನಡೆಯುವಾಗ ನೋವಿಲ್ಲವೆಂದರೆ ನಡೆಯಲು ಯೋಗ್ಯರಾದಿರಿ ಎಂದಷ್ಟೇ ಅರ್ಥ. ಔಷಧದಂಗಡಿಯ ಗುಳಿಗೆಯನ್ನು ನುಂಗಿ ನೋವಿಲ್ಲವೆನ್ನುವುದಂತೂ ಕಾವಲುಗಾರನ ಬಾಯಿ ಕಟ್ಟಿ ಮನೆಯಲ್ಲಿ ಕಳ್ಳರಿಲ್ಲವೆಂದು ಮಲಗಿದಂತೆ.

ಹಾಗಾದರೆ ನಂಬತಕ್ಕದ್ದು ಯಾವುದನ್ನು? ಕಾಲು ಏನು ಮಾಡಬಲ್ಲುದು ಎಂಬುದನ್ನು. ಇದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ನಮ್ಮ ತರುಣರು ಗುರುತು ಹಾಕಿಕೊಳ್ಳಲಿ.

ಒಂದನೆಯದು: ಗಾಯದ ಜಾಗವನ್ನು ಬೆರಳಿನಿಂದ ಒತ್ತಿದರೆ ನೋವಿರಬಾರದು, ಮೆಟ್ಟಿಲು ಹತ್ತಿ ಇಳಿಯುವಾಗ ಕುಂಟಬಾರದು.

ಎರಡನೆಯದು: ಅಂಗಾತ ಮಲಗಿ, ಮೊಣಕಾಲು ಮಡಿಸದೆ ಕಾಲೆತ್ತಿದಾಗ, ಪೆಟ್ಟಾದ ಕಾಲು ಇನ್ನೊಂದರಷ್ಟೇ ಎತ್ತರಕ್ಕೆ ಏಳಬೇಕು.

ಮೂರನೆಯದು: ಬಲ. ಮಲಗಿ, ಒಂದೇ ಕಾಲಿನ ಹಿಮ್ಮಡಿಯನ್ನೂರಿ ಸೊಂಟವನ್ನು ಎತ್ತಿ ಇಳಿಸಿ. ಒಳ್ಳೆಯ ಕಾಲು ಇಪ್ಪತ್ತು ಸಲ ಮಾಡಿದರೆ ಇನ್ನೊಂದೂ ಹೆಚ್ಚುಕಡಿಮೆ ಅಷ್ಟೇ ಮಾಡಬೇಕು.

ನಾಲ್ಕನೆಯದು: ಓಟ. ಮೊದಲು ನಿಧಾನ, ಆಮೇಲೆ ಅರ್ಧ ವೇಗ, ಮುಕ್ಕಾಲು ವೇಗ, ಕಡೆಗೆ ಪೂರ್ಣ ವೇಗ. ಒಂದೇ ದಿನದಲ್ಲಲ್ಲ. ಮಾರನೆಯ ಬೆಳಿಗ್ಗೆ ಕಾಲು ಬಿಗಿದಿದ್ದರೆ ಅಥವಾ ನೊಂದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಪೂರ್ಣ ವೇಗದಲ್ಲಿ ಒಮ್ಮೆಯೂ ಓಡದೆ ಪಂದ್ಯಕ್ಕೆ ಇಳಿದವನು, ಆ ಪರೀಕ್ಷೆಯನ್ನು ಪಂದ್ಯದಲ್ಲಿಯೇ ಬರೆಯಲು ಹೊರಟವನು.

ಐದನೆಯದು: ಥಟ್ಟನೆ ಹೊರಡುವುದು, ಥಟ್ಟನೆ ನಿಲ್ಲುವುದು, ತಿರುಗುವುದು, ಅದೂ ದಣಿದಿರುವಾಗ. ಮೈ ದಣಿದ ಹೊತ್ತಿನಲ್ಲಿ ಗಾಯದ ಭಯ ಹೆಚ್ಚು.

ಆರನೆಯದು: ತಂಡದ ಜೊತೆ ಪೂರ್ತಿ ಅಭ್ಯಾಸ, ಒಂದಲ್ಲ, ಹಲವು ಸಲ. ಅಭ್ಯಾಸಕ್ಕೆ ಮರಳಿದಂದಿನಿಂದ ಮೊದಲ ಪಂದ್ಯದವರೆಗೆ ಹೆಚ್ಚು ಅಭ್ಯಾಸ ಮಾಡಿದವರಿಗೆ ಗಾಯ ಕಡಿಮೆಯೆಂದು ಯೂಫಾದ ಅಧ್ಯಯನವೇ ತೋರಿಸಿದೆ.

ಕಡೆಯದು ಮನಸ್ಸು. ಸ್ವೀಡನ್ನಿನ ಸಂಶೋಧಕರು, ಉಳಿದ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಆಟಗಾರನನ್ನು ಮಲಗಿಸಿ ಕಾಲನ್ನು ನೇರವಾಗಿಟ್ಟು ಸಾಧ್ಯವಾದಷ್ಟು ವೇಗವಾಗಿ ಮೇಲೆತ್ತಲು ಹೇಳುತ್ತಾರೆ. ನೋವಿಲ್ಲದಿದ್ದರೂ, ಒಳಗೊಂದು ಅಳುಕು ಉಂಟಾದರೆ ಅವನಿಗೆ ಇನ್ನೂ ಅಪ್ಪಣೆಯಿಲ್ಲ. ಅಳುಕು ಹೇಡಿತನವಲ್ಲ; ಕಾಲು ಹೇಳುವ ಮಾತು.

ಇಷ್ಟು ಕೇಳಿ, ‘ಹಾಗಾದರೆ ಎರಡು ತಿಂಗಳು ಹಾಸಿಗೆ ಹಿಡಿಯುತ್ತೇವೆ’ ಎನ್ನಬೇಡಿರಿ. ಅದೂ ತಪ್ಪು. ಡೆನ್ಮಾರ್ಕಿನ ಸಂಶೋಧಕರು 2017ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ತೊಡೆ ಅಥವಾ ಮೀನಖಂಡಕ್ಕೆ ತೀವ್ರ ಪೆಟ್ಟಾದ 50 ಹವ್ಯಾಸಿ ಆಟಗಾರರನ್ನು, ಅಂದರೆ ನಮ್ಮಂತೆ ಸಂತೋಷಕ್ಕಾಗಿ ಆಡುವವರನ್ನು, ಎರಡು ಗುಂಪು ಮಾಡಿದರು. ಒಂದು ಗುಂಪು ಎರಡು ದಿನಕ್ಕೇ ಮೆಲ್ಲನೆಯ ವ್ಯಾಯಾಮ ಶುರುಮಾಡಿತು. ಇನ್ನೊಂದು ಒಂಬತ್ತು ದಿನಕ್ಕೆ. ಮೊದಲಿನವರು ಆಟಕ್ಕೆ ಮರಳಲು ಸುಮಾರು 62 ದಿನ ಹಿಡಿಯಿತು. ಎರಡನೆಯವರಿಗೆ 83 ದಿನ. ಒಂದು ವಾರದ ಸೋಮಾರಿತನಕ್ಕೆ ಮೂರು ವಾರದ ದಂಡ! ಇದರಲ್ಲಿ ಎರಡು ಪಾಠಗಳಿವೆ. ವ್ಯಾಯಾಮವನ್ನು ಬೇಗ ಆರಂಭಿಸಬೇಕು. ಆಟವನ್ನು ಬೇಗ ಆರಂಭಿಸಬಾರದು. ಬೇಗ ಶುರುಮಾಡಿದವರಿಗೂ ಎರಡು ತಿಂಗಳು ಬೇಕಾಯಿತೆಂಬುದನ್ನು ‘ಬರುವ ಭಾನುವಾರ’ದವರು ಗಮನಿಸಬೇಕು.

ಮೊದಲ ಒಂದೆರಡು ದಿನ ಕಾಲಿಗೆ ವಿಶ್ರಾಂತಿ, ಬಟ್ಟೆಯ ಪಟ್ಟಿ, ದಿಂಬಿನ ಮೇಲೆ ಎತ್ತರಿಸಿ ಇಡುವುದು ಸಾಕು. ಬಿಸಿ ಶಾಖ, ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು ಆಗ ಬೇಡ. ಒಳಗಿನ ರಕ್ತಸ್ರಾವ ಹೆಚ್ಚೀತು. ‘ಪಟ್’ ಎಂದು ಸದ್ದಾಗಿ ಬಿದ್ದವರು, ಕಾಲೂರಿ ನಡೆಯಲಾಗದವರು, ಮುಟ್ಟಿದರೆ ತಗ್ಗು ತಿಳಿಯುವವರು, ತೊಡೆಯೆಲ್ಲ ಕಪ್ಪುಗಟ್ಟಿದವರು ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಪೆಟ್ಟೇ ಇಲ್ಲದೆ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದುದೂ ಆಗಿರಬಹುದು. ಅಲ್ಲಿ ತಡಮಾಡಲೇ ಕೂಡದು.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ತೀರ್ಮಾನ ಮಾಡತಕ್ಕವರು ಯಾರು? ಕ್ರೀಡಾವೈದ್ಯರು ಈಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕೆನ್ನುತ್ತಾರೆ. ಗಾಯ ಎಷ್ಟು ವಾಸಿಯಾಗಿದೆ? ಅದರ ಮೇಲೆ ಎಷ್ಟು ಭಾರ ಬೀಳಲಿದೆ? ಉಳಿದ ಅಪಾಯವನ್ನು ಹೊರಲು ಈ ಆಟಗಾರನಿಗೆ ಕಾರಣವಿದೆಯೆ? ಮೂರನೆಯದಕ್ಕೆ ಎಲ್ಲರ ಉತ್ತರವೂ ಒಂದೇ ಆಗಿರುವುದಿಲ್ಲ. 2016ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಹೇಳಿಕೆಯೊಂದು, ಮರಳುವುದೆಂದರೆ ಒಂದು ಬಾಗಿಲು ದಾಟುವುದಲ್ಲವೆಂದಿತು: ಮೊದಲು ಅಭ್ಯಾಸಕ್ಕೆ, ಆಮೇಲೆ ಸ್ಪರ್ಧೆಗೆ, ಕೊನೆಗೆ ಹಿಂದಿನ ಸಾಮರ್ಥ್ಯಕ್ಕೆ.

ನಮ್ಮ ದೇಶದವರ ಉದಾಹರಣೆ ನೋಡಿ. 2022ರ ಜುಲೈನಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನೀರಜ್ ಚೋಪ್ರಾ 88.13 ಮೀಟರ್ ಭರ್ಜಿ ಎಸೆದು ವಿಶ್ವಸ್ಪರ್ಧೆಯ ಬೆಳ್ಳಿ ಗೆದ್ದರು. ಆಗಲೇ ತೊಡೆಸಂದಿಗೆ ಪೆಟ್ಟಾಯಿತು. ಕೆಲವೇ ದಿನಗಳಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳು. 2018ರಲ್ಲಿ ಅಲ್ಲಿನ ಚಿನ್ನ ಅವರದೇ ಆಗಿತ್ತು. ಆದರೂ ಒಂದು ತಿಂಗಳ ವಿಶ್ರಾಂತಿಯ ಸಲಹೆಗೆ ತಲೆಬಾಗಿ ಹಿಂದೆ ಸರಿದರು. ಆಗಸ್ಟ್ 26ರಂದು ಲೋಸಾನ್‌ನಲ್ಲಿ 89.08 ಮೀಟರ್ ಎಸೆದು ಮೊದಲಿಗರಾದರು. ಸೆಪ್ಟೆಂಬರಿನಲ್ಲಿ ಜೂರಿಕ್‌ನಲ್ಲಿ ಡೈಮಂಡ್ ಲೀಗಿನ ಪ್ರಶಸ್ತಿಯನ್ನೇ ಗೆದ್ದರು. ಒಂದು ಪದಕ ಬಿಟ್ಟವರು ಮುಂದಿನ ಋತುವನ್ನು ಉಳಿಸಿಕೊಂಡರು.

ನಮ್ಮ ಕೆ. ಎಲ್. ರಾಹುಲ್ ಅವರನ್ನು ನೋಡಿ. 2023ರ ಮೇ 1ರಂದು ಲಖನೌದಲ್ಲಿ ಚೆಂಡಿನ ಬೆನ್ನಟ್ಟಿ ಓಡುವಾಗ ಬಲ ತೊಡೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಮರುತರಬೇತಿಯಾಯಿತು. ಏಷ್ಯಾ ಕಪ್ಪಿಗೆ ಆಯ್ಕೆಯಾಗಿದ್ದರೂ, ಸಣ್ಣದೊಂದು ತೊಂದರೆ ಕಂಡುದರಿಂದ ಮೊದಲ ಎರಡು ಪಂದ್ಯಗಳಿಗೆ ಇಳಿಸಲಿಲ್ಲ. ಆಮೇಲೆ ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ ಇಳಿದವರು ಔಟಾಗದೆ 111 ಓಟ ಗಳಿಸಿದರು. ಅದೇ ರಾಹುಲ್ 2024ರ ಜನವರಿಯಲ್ಲಿ ಹೈದರಾಬಾದಿನ ಟೆಸ್ಟಿನ ನಂತರ ಬಲ ತೊಡೆಯ ಮುಂಭಾಗದ ನೋವಿನಿಂದ ಇಂಗ್ಲೆಂಡ್ ವಿರುದ್ಧದ ಉಳಿದ ನಾಲ್ಕು ಟೆಸ್ಟುಗಳನ್ನೂ ಕಳೆದುಕೊಂಡರು. ಒಮ್ಮೆ ಗೆದ್ದೆವೆಂದು ದೇಹ ಸುಮ್ಮನಿರುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಕೇಳಬೇಕು.

‘ಅವರಿಗೆ ವೈದ್ಯರಿದ್ದಾರೆ, ಸಂಬಳ ನಿಲ್ಲುವುದಿಲ್ಲ, ನಮಗೇನಿದೆ?’ ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆದರೆ ಅದೇ ಕಾರಣಕ್ಕೆ ನಾವು ಅವರಿಗಿಂತ ಹೆಚ್ಚು ಎಚ್ಚರವಾಗಿರಬೇಕಲ್ಲವೆ? ಅವರ ಕಾಲು ಹರಿದರೆ ಒಂದು ಪಂದ್ಯ ಹೋಗುತ್ತದೆ. ನಮ್ಮವನ ಕಾಲು ಹರಿದರೆ ಸೋಮವಾರದ ಕೂಲಿ ಹೋಗುತ್ತದೆ, ಊರಿಗೆ ಕಳುಹಿಸುವ ಹಣ ನಿಲ್ಲುತ್ತದೆ. ಗುಮಾಸ್ತನು ಕುಂಟುತ್ತಲಾದರೂ ಕುರ್ಚಿ ಸೇರಬಹುದು. ಮೂಟೆ ಹೊರುವವನಿಗೆ ಕುರ್ಚಿ ಎಲ್ಲಿದೆ? ಮೂಟೆ ಹೊತ್ತು ಏರುವುದೂ, ಹೊರಟ ಲೋಕಲ್ ಗಾಡಿಯ ಹಿಂದೆ ಓಡುವುದೂ ಕಾಲಿಗೆ ಆಟದಷ್ಟೇ ಭಾರ. ಆದುದರಿಂದ ನಾವು ಹೇಳಿದ ಮೆಟ್ಟಿಲುಗಳು ಕೆಲಸಕ್ಕೆ ಮರಳುವುದಕ್ಕೂ ಅನ್ವಯಿಸುತ್ತವೆ. ಇ.ಎಸ್.ಐ. ಇರುವವರು, ವಂತಿಗೆಯ ಷರತ್ತು ಪೂರ್ತಿಯಾಗಿದ್ದು ಅಲ್ಲಿನ ವೈದ್ಯರ ಪ್ರಮಾಣಪತ್ರ ಸಿಕ್ಕಿದರೆ, ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಅನಾರೋಗ್ಯ ಭತ್ಯೆಗೆ ಹಕ್ಕುದಾರರು. ಕೇಳಲು ಸಂಕೋಚಪಟ್ಟು ಕುಂಟುತ್ತ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಅರ್ಜಿ ಬರೆಯಲು ಬಾರದಿದ್ದರೆ ಈ ವಾಚನಾಲಯಕ್ಕೆ ಬನ್ನಿ, ಇಲ್ಲಿ ಬರೆದುಕೊಡುವವರಿದ್ದಾರೆ.

ತಂಡದ ನಾಯಕರಿಗೆ ಒಂದು ವಿನಂತಿ. ‘ನೀನಿಲ್ಲದಿದ್ದರೆ ನಾವು ಸೋತೆವು’ ಎಂಬ ಮಾತನ್ನು ಪೆಟ್ಟಾದವನ ಮುಂದೆ ಆಡಬೇಡಿರಿ. ಊರು ಬಿಟ್ಟು ಬಂದ ಹುಡುಗನಿಗೆ ಈ ತಂಡವೇ ಮನೆ. ಸ್ಥಾನ ಕಳೆದುಕೊಂಡೇನೆಂಬ ಭಯಕ್ಕೆ ಅವನು ನೋವನ್ನು ಮುಚ್ಚಿಡುತ್ತಾನೆ. ಅವನಿಗೆ ಓಟ ಬರೆಯುವ ಕೆಲಸ ಕೊಡಿ, ಅಂಪೈರ್ ಮಾಡಿ, ಅಭ್ಯಾಸ ನಡೆಸಲು ಹೇಳಿ; ಆದರೆ ಸ್ಥಾನ ಅವನದೇ ಎಂದು ಎಲ್ಲರೆದುರು ತಿಳಿಸಿ. ಆಗ ಅವನು ಸತ್ಯ ಹೇಳುತ್ತಾನೆ. ಮೂರು ಅಭ್ಯಾಸಗಳನ್ನು ಪೂರ್ತಿ ಮುಗಿಸದವರ ಹೆಸರನ್ನು ತಂಡದ ಪಟ್ಟಿಗೆ ಸೇರಿಸಬಾರದೆಂಬ ನಿಯಮವನ್ನು ಈ ವರ್ಷದಿಂದ ಸಂಘವು ಮಾಡಲೆಂದು ನಾವು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ. ಪಟ್ಟಿ ನೋಡುವವರು ನಾಯಕರಲ್ಲದೆ ಬೇರೊಬ್ಬ ಹಿರಿಯರಾಗಿರಲಿ.

ಕಡೆಯದಾಗಿ, ಗಾಯವೇ ಆಗದಂತೆ ಮಾಡುವ ಒಂದು ಕಸರತ್ತು. ಇದಕ್ಕೆ ಕಾಸು ಬೇಕಿಲ್ಲ. ಒಬ್ಬ ಗೆಳೆಯ ಸಾಕು. ಮೊಣಕಾಲೂರಿ ನೆಟ್ಟಗೆ ನಿಲ್ಲಿ. ಗೆಳೆಯ ಹಿಂದಿನಿಂದ ನಿಮ್ಮ ಕಣಕಾಲುಗಳನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಸೊಂಟ ಬಗ್ಗಿಸದೆ ಮೆಲ್ಲಮೆಲ್ಲನೆ ಮುಂದಕ್ಕೆ ವಾಲಿ. ಇನ್ನು ತಡೆಯಲಾರೆ ಎನ್ನುವಾಗ ಅಂಗೈ ಊರಿ. ಡೆನ್ಮಾರ್ಕಿನಲ್ಲಿ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹತ್ತು ವಾರ ಇದನ್ನು ಕ್ರಮವಾಗಿ ಕಲಿತವರಲ್ಲಿ ಹಿಂದೊಡೆಯ ಹೊಸ ಗಾಯಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಮರುಕಳಿಸುವ ಗಾಯಗಳು ಅದಕ್ಕಿಂತಲೂ ತಗ್ಗಿದವು. ಮೊದಲ ವಾರ ಐದೈದು ಸಲಕ್ಕಿಂತ ಹೆಚ್ಚು ಬೇಡ, ಮೈ ನೊಂದೀತು.

‘ಬರುವ ಭಾನುವಾರ ಆಡಬಹುದೆ?’ ಎಂದು ಇನ್ನು ಮೇಲೆ ಯಾರಾದರೂ ಕೇಳಿದರೆ, ಹೌದು ಅಥವಾ ಇಲ್ಲ ಎನ್ನುವ ಮೊದಲು ಅವರನ್ನು ಈ ಏಳು ಮೆಟ್ಟಿಲುಗಳ ಮುಂದೆ ನಿಲ್ಲಿಸಿರಿ. ಅವುಗಳ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಬರೆದು ವಾಚನಾಲಯದ ಹಲಗೆಗೆ ಅಂಟಿಸಲಾಗುವುದು.